ಮೆಟ್ಟಿಲ ಬಾವಿ ಕಾಯುವ ದುರುಗವ್ವ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಡೂರಿನ ಗುಡ್ಡಗಳ ಹಿಂದಿನ ಈ ಊರಿನಲ್ಲಿ ಕೊಡ ಹಿಡಿದು ಬಾವಿಗೆ ಬಂದವರನ್ನೆಲ್ಲ ಮೇಲಿನ ಮೆಟ್ಟಿಲಲ್ಲಿ ಕುಳಿತ ಹೆಂಗಸೊಬ್ಬರು ತಡೆಯುತ್ತಿದ್ದಾರೆ. ಯೋಗಕ್ಷೇಮದ ಮಾತಿಲ್ಲ, ಮುಖ ನೋಡುವುದೂ ಇಲ್ಲ. “ಕಾಲು ತೋರಸ್ರಿ.” ಬಂದವರು ಚಪ್ಪಲಿ ಬಿಟ್ಟು ಒಂದೊಂದೇ ಕಾಲು ಮುಂದೆ ಚಾಚುತ್ತಾರೆ. ಲಾಟೀನು ಹತ್ತಿರ ಹಿಡಿದು ಹಿಮ್ಮಡಿಯಿಂದ ಮೊಣಕಾಲಿನವರೆಗೆ ನೋಡಿ, ಗುಳ್ಳೆ ಇಲ್ಲದಿದ್ದರೆ “ಇಳೀರಿ” ಎನ್ನುತ್ತಾರೆ. ಇದ್ದರೆ ಕೊಡ ಕಸಿದುಕೊಂಡು, ಇಪ್ಪತ್ತಾರು ಮೆಟ್ಟಿಲು ತಾವೇ ಇಳಿದು ತುಂಬಿಸಿ ತರುತ್ತಾರೆ. ನೀರಿಗೆ ಬಂದವನಲ್ಲ ಎಂದರೂ ನನ್ನನ್ನು ಬಿಡಲಿಲ್ಲ, ಬೂಟು ಬಿಚ್ಚಿಸಿದರು. “ಪೇಪರ್‌ನೋರ ಕಾಲು ಭಾಳ ಮೆತ್ತಗದಾವು” ಎಂದಾಗ ಕೊಡ ಹಿಡಿದವರೆಲ್ಲ ನಕ್ಕರು.

ಇವರು ದುರುಗವ್ವ, ವಯಸ್ಸು ಐವತ್ತರ ಆಸುಪಾಸು. ದಿನಕ್ಕೆ ನೂರ ನಲವತ್ತು ಮಂದಿಯ ಕಾಲು ನೋಡುತ್ತಾರೆ. ಹುಡುಕುವುದು ನಾರುಹುಣ್ಣನ್ನು. ಮೊದಲು ಸಣ್ಣ ಗುಳ್ಳೆ, ಬೆಂಕಿ ಇಟ್ಟಂಥ ಉರಿ. ಅದು ಒಡೆದರೆ ಒಳಗಿನಿಂದ ದಾರದಂಥ ಉದ್ದನೆಯ ಹುಳ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು, ತುಂಡಾದರೆ ಕಾಲೇ ಹೋದೀತು. ಆ ಕಾಲನ್ನು ನೀರಿಗಿಟ್ಟರೆ ಹುಳ ಅಲ್ಲಿ ಮರಿ ಬಿಡುತ್ತದೆ. ಆ ನೀರನ್ನು ಸೋಸದೆ ಕುಡಿದವರಿಗೆ ಮರುವರ್ಷ ಹುಣ್ಣು. ಅತ್ತ ಕಂಪ್ಲಿಯಲ್ಲಿ ಕಾಲುವೆ ಬಂದು ಭತ್ತ, ಕಬ್ಬು, ರೈಸ್ ಮಿಲ್ಲು ಎಂದು ಜನ ಮೇಲೆದ್ದಿದ್ದಾರೆ. ಇತ್ತ ಈ ಊರಿಗೆ ಕುಡಿಯಲು ಇರುವುದು ಇದೊಂದೇ ಬಾವಿ.

ಸರ್ಕಾರವೇನೂ ಕೈಕಟ್ಟಿ ಕೂತಿರಲಿಲ್ಲ. ಡಂಗುರ ಹೊಡೆಸಿತು. ಹುಣ್ಣಿದ್ದವರು ನೀರಿಗಿಳಿದರೆ ದಂಡ ಎಂದು ಬೋರ್ಡು ನೆಟ್ಟಿತು. ಓದು ಬರುವವರು ಹತ್ತು ಮಂದಿ ಇಲ್ಲದ ಊರಿನಲ್ಲಿ ಆ ಬೋರ್ಡನ್ನು ಉಪಯೋಗಿಸಿದ್ದು ಮೈ ಉಜ್ಜಿಕೊಳ್ಳುವ ಮೇಕೆಗಳು ಮಾತ್ರ. ನಾಲ್ಕು ವರ್ಷದ ಹಿಂದೆ ಹೆಲ್ತ್ ಇನ್‌ಸ್ಪೆಕ್ಟರ್ ಕೊಟ್ರಯ್ಯ ಹೇಗೋ ಮೇಲಿನವರನ್ನು ಒಪ್ಪಿಸಿ ಕಾವಲು ಕೂರಿಸಿದರು. ಗಂಡನನ್ನು ಕಳೆದುಕೊಂಡು, ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಹಚ್ಚಿ ಸೊಂಟ ಬಿದ್ದುಹೋಗಿದ್ದ ದುರುಗವ್ವನಿಗೆ ದಿನಗೂಲಿಯ ಆ ಕೆಲಸ ಸಿಕ್ಕಿತು. ಷರತ್ತು ಒಂದೇ: ಹುಣ್ಣಾದವರು ನೀರಿಗಿಳಿಯಕೂಡದು, ಕಾವಲಿನವರಿಗೇ ಹುಣ್ಣಾದರೆ ಕೆಲಸಕ್ಕೆ ಬರಕೂಡದು. ಬಾರದ ದಿನ ಕೂಲಿ ಇಲ್ಲ.

ಕಾಲು ತೋರಿಸು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಕಾವಲಿನ ಮೊದಲ ಬೇಸಿಗೆಯಲ್ಲೇ ಗಣಿ ಕೆಲಸದ ಎರ್ರಿಯಪ್ಪ ರೇಗಿಬಿದ್ದರು. ಅದಿರಿನ ಕಲ್ಲು ಬಿದ್ದು ಗಾಯವಾಗಿದ್ದ ಪಾದಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. “ನಮ್ಮ ಮುತ್ಯಾರು ತೋಡಿದ ಬಾವಿ ಇದು. ನಿನಗ್ಯಾಕ ತೋರಸ್ಲಿ?” ಎಂದವರೇ ಬಟ್ಟೆ ಬಿಚ್ಚದೆ, ಖಾಲಿ ಕೊಡ ಹೊತ್ತು ವಾಪಸು ಹೋದರು. ಮರುದಿನದಿಂದ ಹೆಂಡತಿ ಸಂಗಮ್ಮ ನೀರಿಗೆ ಬಂದರು. ಊರೆಲ್ಲ ನೋಡಿದ ಜಗಳ ಅದು.

ಅದೇ ಬೇಸಿಗೆಯಲ್ಲಿ ದುರುಗವ್ವನ ಹಿಮ್ಮಡಿಯಲ್ಲೊಂದು ಗುಳ್ಳೆ ಎದ್ದಿತು.

“ಮುಳ್ಳು ಚುಚ್ಚೇತಿ ಅಂತ ಅರಿಶಿಣ ಹಚ್ಚಿ ಬಟ್ಟಿ ಕಟಗೊಂಡೆ. ಹೇಳಿದ್ರ ಕೂಲಿ ಹೋಗ್ತಿತ್ತು. ಊರ ಮಂದಿ ಕಾಲೆಲ್ಲ ನಾ ನೋಡ್ತಿದ್ದೆ, ನನ್ನ ಕಾಲು ಯಾರು ನೋಡಬೇಕ್ರಿ? ಹುಣ್ಣಿದ್ದೋರ ಕೊಡ ತುಂಬಾಕ ದಿನಾ ಇಳೀಬೇಕಲ್ಲ. ಉರಿ ತಡಿಲಾರ್ದ ಮೊದ್ಲನೇ ದಿನ ಪಾದ ಅಷ್ಟ ಅದ್ದಿದೆ. ಎಷ್ಟ್ ತಂಪು ಅಂತೀರಿ! ಆಮ್ಯಾಲ ಹದಿನಾರು ದಿನ ಹಂಗ ಮಾಡೀನಿ. ಗೊತ್ತಿದ್ದಿಲ್ಲ ಅಂತ ಸುಳ್ಳು ಹೇಳಲ್ರಿ, ಗೊತ್ತಿತ್ತು.”

ಎಲೆಮರೆಯ ಕಾಯಿಯನ್ನು ಹುಡುಕಿಕೊಂಡು ಬಂದವನು ನಾನು. ಮನಸ್ಸಿನಲ್ಲಿ ಹೊಗಳಿಕೆಯ ನಾಲ್ಕು ಸಾಲು ಆಗಲೇ ಸಿದ್ಧವಾಗಿದ್ದವು. ಅವು ಉಪಯೋಗಕ್ಕೆ ಬರಲಿಲ್ಲ.

ಕಾವಲು ಕೂರಿಸಿದ ವರ್ಷ ಊರಿನಲ್ಲಿ ಏಳು ಮಂದಿಗೆ ಹುಣ್ಣಿತ್ತು. ಮರುವರ್ಷ ಹತ್ತೊಂಬತ್ತು. ಸಂಗಮ್ಮನಿಗಂತೂ ಹುಳ ಮೊಣಕಾಲಿನಲ್ಲೇ ಕೂತಿತು. ಊರಿಗೆ ತಟ್ಟನೆ ನೆನಪಾದದ್ದು ಎರ್ರಿಯಪ್ಪನವರ ಬಟ್ಟೆ ಸುತ್ತಿದ ಪಾದ. ಕದ್ದು ಬಾವಿಗಿಳಿದವನು ಇವನೇ ಎಂದು ಪಂಚಾಯಿತಿ ತೀರ್ಮಾನಿಸಿ, ಬುಕ್ಕಿನಲ್ಲಿ ಬರೆದು, ಆ ಮನೆಯವರು ಒಂದು ತಿಂಗಳು ಬಾವಿಗೆ ಬರಬಾರದು ಎಂದಿತು. ಮನೆಯಲ್ಲಿ ಹೆಂಡತಿ ನೋವಿನಿಂದ ನರಳುತ್ತಿದ್ದರೆ ಎರ್ರಿಯಪ್ಪ ಎರಡು ಮೈಲಿ ದೂರದ ಹಳ್ಳದಿಂದ ನೀರು ಹೊತ್ತರು.

“ನನ್ನ ಮುಂದ ಹಾದು ಹೋಗ್ತಿದ್ದ. ಮಾತು ಬಾಯಿಗೆ ಬರ್ತಿತ್ತು, ನುಂಗ್ತಿದ್ದೆ. ಹದಿನೈದು ದಿನ ನುಂಗೀನಿ” ಎನ್ನುತ್ತಾರೆ ದುರುಗವ್ವ.

ಹದಿನಾರನೆಯ ದಿನ ಬಾವಿಯ ಬಾಯಲ್ಲಿ ಜನರೆದುರು, ಕೊಟ್ರಯ್ಯನವರಿಗೆ ಹಿಮ್ಮಡಿಯ ಕಲೆ ತೋರಿಸಿ ಎಲ್ಲ ಹೇಳಿದರು. ಕೆಲಸದಿಂದ ತೆಗೆಯಿರಿ ಎಂದೂ ಕೇಳಿಕೊಂಡರು. ಕೊಟ್ರಯ್ಯ ತೆಗೆಯಲಿಲ್ಲ. “ಬೈಯಾಕ ನನಗ್ಯಾವ ಹಕ್ಕಿತ್ರಿ? ಹುಣ್ಣಾದ್ರ ಕೂಲಿ ಇಲ್ಲ ಅಂತ ಬರೆದಾಂವ ನಾನ. ಮುಚ್ಚಿಡ್ರಿ ಅಂತ ನಾನ ಹೇಳಿಕೊಟ್ಟಂಗಾತು” ಎಂದು ಈಗಲೂ ತಲೆ ತಗ್ಗಿಸುತ್ತಾರೆ. ಆಮೇಲೆ ಕಚೇರಿಗೆ ಅಲೆದಾಡಿ ದಂಡದ ಬೋರ್ಡು ಕೀಳಿಸಿದರು. ಹುಣ್ಣಾಗಿದೆ ಎಂದು ತಾವಾಗಿ ಹೇಳಿದವರಿಗೆ ಪಟ್ಟಿ, ಔಷಧಿ, ಮನೆಬಾಗಿಲಿಗೆ ನೀರು. ಕಾವಲಿನವರಿಗೆ ಹುಣ್ಣಾದರೆ ಮನೆಯಲ್ಲಿ ಕುಳಿತರೂ ಕೂಲಿ. ಹತ್ತೊಂಬತ್ತು ಇದ್ದದ್ದು ಎಂಟಾಯಿತು, ಹೋದ ವರ್ಷ ಎರಡು. ಈ ಬೇಸಿಗೆಯಲ್ಲಿ ಇದುವರೆಗೆ ಒಂದೂ ಇಲ್ಲ. ಇಷ್ಟು ಸರಳ ಉಪಾಯ ನಮಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ!

ಸಂಗಮ್ಮ ಅಂಗಳದಲ್ಲಿ ಒಂದು ಕಾಲು ನೀಡಿಕೊಂಡು ಶೇಂಗಾ ಸುಲಿಯುತ್ತಿದ್ದಾರೆ. ಮೂರು ವರ್ಷದಿಂದ ದುರುಗವ್ವ ದಿನಾ ಈ ಮನೆಗೆ ಎರಡು ಕೊಡ ನೀರು ತಂದಿಳಿಸುತ್ತಾರೆ. ಸಿಟ್ಟಿಲ್ಲವೇ ಎಂದು ಕೇಳಿದೆ. “ಸಿಟ್ಟು ಹೋಗೇತ್ರಿ. ಆಕಿ ತಂದ ನೀರು ಕುಡ್ಕೋತ ಸಿಟ್ಟು ಎಲ್ಲಿ ಇಟಗೊಳ್ಲಿ? ಮೊಣಕಾಲು ಮಾತ್ರ ಮಡಚಂಗಿಲ್ಲ. ನಾಟಿಗೆ ಮುಂದಿನ ಸಾಲಿನ್ಯಾಗ ಇರ್ತಿದ್ದಾಕಿ ನಾನು” ಎಂದು ಮತ್ತೆ ಸುಲಿಯತೊಡಗಿದರು.

ಮಳೆಗಾಲ ದಾಟುವವರೆಗೆ ಹೊಸ ಹುಣ್ಣು ಕಾಣದಿದ್ದರೆ ದುರುಗವ್ವನಿಗೆ ಶಾಲು ಹೊದಿಸುವ ಮಾತು ನಡೆದಿದೆ. ಅವರಿಗೆ ಅದು ಬೇಕಿಲ್ಲ. ಪಂಚಾಯಿತಿಯ ಬುಕ್ಕಿನಲ್ಲಿ ಎರ್ರಿಯಪ್ಪನವರ ಹೆಸರು ಇನ್ನೂ ಹಾಗೆಯೇ ಇದೆ. ಬರೆದದ್ದನ್ನು ಹೊಡೆದುಹಾಕಲು ಮತ್ತೊಂದು ಸಭೆ ಆಗಬೇಕಂತೆ. ಮೂರು ವರ್ಷದಲ್ಲಿ ಯಾರಿಗೂ ಬಿಡುವಾಗಿಲ್ಲ. ಎರ್ರಿಯಪ್ಪ ಮಗಳಿಗೆ ಸಂಬಂಧ ಕೇಳಲು ಹೋದರೆ ‘ಬಾವಿ ಕೆಡಿಸಿದ ಮನೆ’ ಎಂದು ನೆರೆ ಊರಿನವರು ಮುಖ ತಿರುಗಿಸುತ್ತಾರೆ.

“ಶಾಲು ಹೊದ್ದು ಎಲ್ಲಿಗೆ ಹೋಗ್ಲಿ ನಾನು? ಊರ ಹೆಸರು ಹಾಕಬ್ಯಾಡ್ರಿ, ಹೆಣ್ಣು ಗಂಡು ಕೊಡೋರು ಹಿಂದ ಸರೀತಾರ. ನನ್ನ ಹೆಸರು ಹಾಕ್ರಿ. ಎರ್ರಿಯಪ್ಪ ಬಾವಿಗೆ ಇಳಿದಿದ್ದಿಲ್ಲ, ಇಳಿದಾಕಿ ದುರುಗವ್ವ. ಅಷ್ಟು ಅಚ್ಚಾಗ್ಲಿ. ಉಳಿದದ್ದು ಬರೀಲಿಲ್ಲಂದ್ರೂ ನಡೀತೈತಿ.”