ಬೇಲಿಯೊಳಗಿನ ಬೋರೆ ಎಲೆ

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಬಸುರಿಯಾಗಿದ್ದ ನನಗೆ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆಂದು ಮಂಗಳೂರಿನಿಂದ ಕತಾರಿನ ದೋಹಾಕ್ಕೆ ಬಂದಿದ್ದ ನನ್ನ ತಾಯಿ, ಉಮ್ಮ, ಬಂದ ವಾರದಲ್ಲೇ ಹಟ ಹಿಡಿದಿದ್ದರು. "ಬಾಣಂತಿಯನ್ನು ಮೀಯಿಸ್ಲಿಕ್ಕೆ ಒಂದು ಸೊಪ್ಪು ಸಹ ಇಲ್ಲದ ಊರು ಇದು. ನೀನೂ ನನ್ನೊಟ್ಟಿಗೆ ಊರಿಗೆ ಬಾ." ಹೋದರೆ, ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಶಿಫ್ಟ್ ಕೆಲಸದಲ್ಲಿದ್ದ ನನ್ನ ಗಂಡ ಮಗುವಿನ ಮುಖ ನೋಡುವುದು ಮುಂದಿನ ವರ್ಷದ ರಜೆಯಲ್ಲೇ. ನನಗೆ ಇಲ್ಲೇ ಹೆರಬೇಕಿತ್ತು. ಆದರೆ ಉಮ್ಮನಿಗೆ ಎದುರಾಡುವ ಎದೆ ನಮ್ಮ ಮನೆಯಲ್ಲಿ ಯಾರಿಗಿತ್ತು?

ಒಂದು ಶುಕ್ರವಾರ ಬೆಳಿಗ್ಗೆ ಗಂಡನ ಕಂಪೆನಿಯವರು ಮನೆಮಂದಿಗಾಗಿ ಗಿಡ ನೋಡುವ ನಡಿಗೆ ಏರ್ಪಡಿಸಿದ್ದರು. ಒಂಟೆ, ಆಡು ಮೇಯ್ದು ಬೋಳಾಗಿದ್ದ ತಗ್ಗು ನೆಲಕ್ಕೆ ಬೇಲಿ ಹಾಕಿ, ಈ ನೆಲದ್ದೇ ಗಿಡಗಳನ್ನು ಮತ್ತೆ ಬೆಳೆಸಿದ ಜಾಗವಂತೆ. ಗಂಡನಿಗೆ ಡ್ಯೂಟಿ ಇತ್ತು, ನಾವಿಬ್ಬರೇ ಹೋದೆವು.

ಬಸ್ಸಿಳಿದವಳು ಕುಣಿದುಬಿಡುತ್ತಿದ್ದೆ, ಹೊಟ್ಟೆ ಬಿಡಲಿಲ್ಲ! ಹಿಂದಿನ ವಾರದ ಮಳೆಗೆ ನೆಲವೆಲ್ಲ ಹಸಿರು. ಮರಳಿನ ನಡುವೆ ಹಳದಿ, ನೇರಳೆ ಹೂಗಳು. ನಡಿಗೆ ಮಾಡಿಸುತ್ತಿದ್ದವರು ನಿವೃತ್ತ ಕತಾರಿ ಮೇಷ್ಟ್ರು, ಬೊಂಬಾಯಿ ಹಿಂದಿ ಬಲ್ಲವರು. ಅವರು ಒಂದೊಂದೇ ಗಿಡದ ಹೆಸರು ಹೇಳುತ್ತಿದ್ದರೆ ನನಗೆ ಎಲ್ಲವನ್ನೂ ಒಟ್ಟಿಗೇ ನೋಡುವ ಆತುರ.

ಉಮ್ಮ ಎಲ್ಲರಿಗಿಂತ ಮುಂದೆ ಹೋಗಿ, ಸೊಂಟದೆತ್ತರದ ಮುಳ್ಳುಗಿಡವೊಂದರ ಎದುರು ನಿಂತರು. ನಮ್ಮ ಕಡೆಯ ಹೆಂಗಸರಿಗೆ ಸೊಪ್ಪನ್ನು ಕಣ್ಣಿನಲ್ಲಿ ನೋಡಿದರೆ ಸಾಲದು. ಚಿವುಟಿ, ತಿಕ್ಕಿ, ಮೂಸಿ, ಎರಡು ಹಿಡಿ ಮಡಿಲಿಗೆ ಹಾಕಿಕೊಂಡ ಮೇಲೆಯೇ ಗುರುತು. ಉಮ್ಮ ಅಷ್ಟೂ ಮಾಡಿದರು.

"ಮಾಫಿ, ಮಾಮಾ, ಮಾಫಿ!" ಬೇಡಮ್ಮ, ಕೀಳಬೇಡಿ ಎಂದು ತಮ್ಮ ಅರಬಿಯಲ್ಲಿ ಕೂಗುತ್ತಾ ಮೇಷ್ಟ್ರು ಓಡಿ ಬಂದರು.

"ಎಂತ ಮಾಫಿ? ಇದು ನಮ್ಮ ಬೋರೆ ಅಲ್ವಾ? ಕಾಡುಗಿಡಕ್ಕೆ ಯಾರ ಅಪ್ಪಣೆ? ಇವ ನೆಟ್ಟದ್ದಾ ಕೇಳು!"

ನಾಚಿಕೆಯಿಂದ ಹಿಂದಿಯಲ್ಲಿ ಕೇಳಿದೆ. ಮೇಷ್ಟ್ರು ತಲೆಯಾಡಿಸಿದರು. ಹೌದು, ಅವರೇ ನೆಟ್ಟದ್ದು! ನನಗೆ ನಗು ತಡೆಯಲಾಗಲಿಲ್ಲ. ಉಮ್ಮ ಮಾತ್ರ ಎಲೆ ಹಿಡಿದ ಕೈಯನ್ನು ನನ್ನ ಹೊಟ್ಟೆಯ ಕಡೆ ತೋರಿಸಿ, ತಲೆಗೆ ನೀರು ಹೊಯ್ಯುವ ಅಭಿನಯ ಮಾಡಿದರು. ಮೇಷ್ಟ್ರ ಮುಖ ಅರಳಿತು. ತಮ್ಮ ಮನೆಯ ಹೆಂಗಸರೂ ಇದೇ ಎಲೆಯಲ್ಲಿ ತಲೆ ತೊಳೆಯುತ್ತಾರೆ, ಅಂಗಳದಲ್ಲಿ ದೊಡ್ಡ ಮರವಿದೆ, ಬೇಕಾದಷ್ಟು ಕೊಡುತ್ತೇನೆ, ಈ ಮರಿಗಿಡವನ್ನು ಬಿಟ್ಟುಬಿಡಿ ಎಂದರು.

ಅಷ್ಟನ್ನೂ ಉಮ್ಮನಿಗೆ ಹೇಳಿದೆ. ಉಮ್ಮ ಗಿಡವನ್ನು ಬಿಟ್ಟು ಹಿಂದೆ ಸರಿದರು.

"ಎಲೆ ಒಣಗಿಸಿ ಎಷ್ಟು ಸಮಯ ಇಡ್ಬಹುದು, ಕೇಳು."

"ಯಾಕೆ ಉಮ್ಮ?"

"ಯಾಕೆ ಅಂತ ಕೇಳ್ತಾಳೆ! ಇನ್ನು ಎರಡು ತಿಂಗಳು ಉಂಟಲ್ಲ, ನೀನು ಇಲ್ಲಿ ಹೆರ್ಲಿಕ್ಕೆ."