ತಾಟಿನ ಸದ್ದಿಗೆ ಓಡಿ ಬಂದವರು

ಬಸವಕಲ್ಯಾಣದ ನಮ್ಮ ಮನೆಯಲ್ಲಿ ನಾನು ಓಣಿಯ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಇದಕ್ಕೂ ಪರವಾನಗಿ ಬೇಕೆಂದು ತಿಳಿದದ್ದು ಹುಮನಾಬಾದದಿಂದ ತಂಗಿ ಫೋನ್ ಮಾಡಿದಾಗ.

"ಅಕ್ಕಾ, ಇಲ್ಲಿ ಒಬ್ಬಾಕಿ ಮನ್ಯಾಗ ಹಿಂಗ ಮಕ್ಕಳ್ನ ಇಟ್ಕೊಂಡಿದ್ಲಂತ. ಪರವಾನಗಿ ಇಲ್ಲಂತ ಮಕ್ಕಳ ಇಲಾಖೆ ಆಫೀಸಿನವ್ರು ಬಂದ್ ಮಾಡಿಸ್ಯಾರ. ಈಗ ನಿಮ್ಮ ಕಡೀಗೂ ಬರಾಕತ್ತಾರಂತ."

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಮನೆಗೆ ಓಡುವ ಸ್ವಭಾವ ನನ್ನದು. ಫೋನ್ ಇಡುವಷ್ಟರಲ್ಲಿ, ಜೈಲಿನಲ್ಲಿ ಹೊದೆಯಲು ಏನು ಕೊಡುತ್ತಾರೆ ಎಂಬಲ್ಲಿಗೆ ಮುಟ್ಟಿದ್ದೆ.

ನಿಜವಾಗಿ ಹೆದರಬೇಕಾದವಳು ಹಿಂದಿನ ಓಣಿಯ ಹುಡುಗಿ. ಬಟ್ಟೆ ಅಂಗಡಿಯಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಕೂಸನ್ನು ನೋಡುವವರು ಮನೆಯಲ್ಲಿ ಯಾರೂ ಇಲ್ಲದ್ದಕ್ಕೆ ನನ್ನ ಹತ್ತಿರ ಬಿಡುತ್ತಿದ್ದಳು. "ಮೌಶಿ, ನೀವು ಬಂದ್ ಮಾಡಿದ್ರ ನನ್ ನೌಕರೀನೂ ಬಂದ್," ಎಂದಳು.

ಮರುವಾರ ಜೀಪು ಬಂದೇಬಿಟ್ಟಿತು. ಮಕ್ಕಳನ್ನೆಲ್ಲ ಹಿತ್ತಲಿನಿಂದ ಪಕ್ಕದ ಕುರಿ ಸಾಕುವವರ ಅಂಗಳಕ್ಕೆ ದಾಟಿಸಿದೆ. ಆ ಮನೆಯ ಅಜ್ಜಿ, "ಕುರಿ ನಡುವ ಕುಂದ್ರಸ್ತೀನಿ, ಗುರ್ತ ಸಿಗಂಗಿಲ್ಲ ಬಿಡು," ಎಂದು ನಕ್ಕಳು.

"ಮಕ್ಕಳ್ನ ನೋಡ್ಕೋತೀರಂತಲ್ರಿ?" ಎಂದರು ಅಧಿಕಾರಿ ಮೇಡಂ.

"ಇಲ್ರೀ, ನಾ ಒಬ್ಬಾಕೀನ ಇರ್ತೀನ್ರಿ."

ಹಗ್ಗದ ಮೇಲೆ ಸಣ್ಣ ಸಣ್ಣ ಚಡ್ಡಿಗಳು ಸಾಲಾಗಿ ಒಣಗುತ್ತಿದ್ದವು.

ಊಟಕ್ಕೆ ನಾನು ಮಕ್ಕಳನ್ನು ಕರೆಯುವುದು ತಾಟು ಬಡಿದು. ಇದು ನೆನಪಾದದ್ದು, ಮೇಡಂಗೆ ಅವಲಕ್ಕಿ ಚೂಡಾ ಕೊಡಲು ತೆಗೆದ ತಾಟು ಕೈ ಜಾರಿ ನೆಲದ ಫರಸಿಯ ಮೇಲೆ ಠಣ್ಣೆಂದು ಬಿದ್ದಾಗ. ಹಿತ್ತಲಿನಿಂದ ಎಲ್ಲವೂ ಓಡಿ ಬಂದು ಸಾಲಾಗಿ ಕುಳಿತವು. ಹಿಂದೆಯೇ ಒಂದು ಕುರಿಮರಿ.

"ಇವು ಯಾರ ಮಕ್ಕಳ್ರಿ?"

"ನಮ್ಮ ತಂಗೀವ್ರಿ."

"ಎಲ್ಲಾ ಒಂದ ಎತ್ತರ ಅದಾವಲ್ರಿ! ಒಂದ ಸಲಕ್ಕ ಹಡದಾಳೇನು? ಕುರಿಮರೀನೂ ಆಕೀದೇನು?"

ಸಾಲಿನ ಕೊನೆಗೆ ನಾನೂ ಕುಳಿತೆ. "ತಪ್ಪಾತ್ರಿ. ಬಂದ್ ಮಾಡಸಬ್ಯಾಡ್ರಿ, ಪಾಪ, ಒಂದು ಹುಡುಗಿ ನೌಕರಿ ಹೋಗ್ತದ."

ಮೇಡಂ ಎದ್ದು ಮನೆಯೆಲ್ಲ ಸುತ್ತಿ ನೋಡಿದರು. ನೆಲದ ನೀರಿನ ಟಾಕಿಗೆ ಮುಚ್ಚಳವಿಲ್ಲ, ಮಾಳಿಗೆಯ ಮೆಟ್ಟಿಲಿಗೆ ಅಡ್ಡವಿಲ್ಲ. ನನ್ನ ಅಷ್ಟೆಲ್ಲ ಚಿಂತೆಗಳ ನಡುವೆ ಇವೆರಡಕ್ಕೆ ಜಾಗವೇ ಸಿಕ್ಕಿರಲಿಲ್ಲ.

"ಹುಮನಾಬಾದದಾಕೀಗಿ ಇದನ್ನ ಹೇಳಿ ಹೇಳಿ ಸಾಕಾತು, ಅದಕ್ಕ ಬಂದ್ ಮಾಡಿಸಿದ್ವಿ. ನೀವು ಇವತ್ತ ಟಾಕಿ ಮುಚ್ಚಸ್ರಿ, ಮೆಟ್ಟಲಿಗಿ ಅಡ್ಡ ಕಟ್ಟಸ್ರಿ, ಸಂಜೀಗಿ ಬಂದು ನೋಡ್ತೀನಿ. ಆಮ್ಯಾಲ ಅರ್ಜಿ ಹಾಕ್ರಿ. ಪರವಾನಗಿ ಬರೋತನಕ ಹೊಸ ಮಕ್ಕಳ್ನ ತಗೋಬ್ಯಾಡ್ರಿ."

ಅಜ್ಜಿ ಕುರಿದೊಡ್ಡಿಯ ತಟ್ಟಿಯನ್ನೇ ಬಿಚ್ಚಿ ತಂದು ಮೆಟ್ಟಿಲಿಗೆ ಕಟ್ಟಿದಳು. ಟಾಕಿಯ ಮೇಲೆ ಕಬ್ಬಿಣದ ಮುಚ್ಚಳ ಕೂತಿತು. ಮೇಡಂ ಸಂಜೆ ಎರಡನ್ನೂ ಕಾಲಿನಿಂದ ಒದ್ದು ನೋಡಿ, ತಲೆಯಾಡಿಸಿ ಹೋದರು.

ಅಂಗಡಿಯಿಂದ ಬಂದ ಹುಡುಗಿ ಬಾಗಿಲಲ್ಲೇ ನಿಂತು ಕೇಳಿದಳು. "ಮೌಶಿ... ನಾಳೆ?"

"ನಾಳೆ ಲಗೂನ ಬಿಟ್ಟು ಹೋಗು, ಅಂಗಡೀಗಿ ತಡಾ ಆದೀತು."

ಕೂಸನ್ನು ಎತ್ತಿಕೊಂಡು ಅವಳು ನಕ್ಕಳು. "ಈಗರ ಚಿಂತಿ ಬಿಡ್ರಿ."

ಬಿಟ್ಟೆ ಎಂದೆ. ಆದರೆ ಅರ್ಜಿಗೆ ಫೋಟೋ ಬೇಕಂತೆ, ಫೋಟೋದಲ್ಲಿ ನಾನು ಯಾವಾಗಲೂ ಕಳ್ಳಿಯ ಹಾಗೆ ಕಾಣುತ್ತೇನೆ.