ಅಕ್ಕ ಕೊಟ್ಟ ಕಾಚಂಪುಳಿ

ಮೊನ್ನೆ ಅಡುಗೆಮನೆಯ ಮೇಲಿನ ಶೆಲ್ಫ್ ಒರೆಸುವಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಸಾಲಿನಲ್ಲಿ ಕಾಚಂಪುಳಿ ಎಂಬ ನಮ್ಮ ಕೊಡಗಿನ ಹುಳಿಯ ಬಾಟಲಿ. ಮುಚ್ಚಳದ ಸುತ್ತ ಕಪ್ಪು ರಸ ಜಿನುಗಿ ಒಣಗಿತ್ತು. ಕೊಟ್ಟವರು ಪಕ್ಕದ ಮನೆಯ ಅಕ್ಕ. ಅವರನ್ನು ನಾನು ಒಳ್ಳೆಯ ಮಾತಿನಲ್ಲಿ ನೆನೆಯುವವಳಲ್ಲ.

ಶ್ರೀಮಂಗಲದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದುದು ಒಂದು ದಾಸವಾಳದ ಬೇಲಿ ಅಷ್ಟೆ. ಸಂಧಿವಾತದಿಂದ ಬೆರಳು ಬಿಗಿದ ದಿನಗಳಲ್ಲಿ ಡಬ್ಬಿಯ ಮುಚ್ಚಳ ತೆಗೆಯಲು ಅವರನ್ನೇ ಕೂಗುತ್ತಿದ್ದೆ. ಆಮೇಲೆ ಮೈಸೂರಿನ ಡಾಕ್ಟರು ಸಂಧಿವಾತಕ್ಕೆ ಬಯಾಲಜಿಕ್ ಎಂಬ ಹೊಸ ಬಗೆಯ ಇಂಜೆಕ್ಷನ್ ಶುರು ಮಾಡಿದರು. ಮೂರು ತಿಂಗಳಲ್ಲಿ ನಾನೇ ಬಟ್ಟೆ ಹಿಂಡಿದೆ, ತೆಂಗಿನಕಾಯಿ ತುರಿದೆ. ಆದರೆ ಅಂಗೈಯಲ್ಲಿ ಕೀವುಗುಳ್ಳೆಗಳೆದ್ದು ಚರ್ಮ ಸುಲಿಯತೊಡಗಿತು.

ಆ ವರ್ಷದ ಕೈಲ್‌ಪೊಳ್ದ್ ಹಬ್ಬಕ್ಕೆ ಎಂದಿನಂತೆ ಅವರ ಮನೆಯಲ್ಲಿ ಹೆಂಗಸರೆಲ್ಲ ಕೂತು ಅಕ್ಕಿತರಿಯ ಕಡಂಬುಟ್ಟು ಕಟ್ಟುತ್ತಿದ್ದೆವು. ನಾನು ಎರಡು ಉಂಡೆ ಕಟ್ಟಿದ್ದೆ. ಅಕ್ಕ ನನ್ನ ಮುಂದಿನ ತಟ್ಟೆಯನ್ನು ಎಳೆದುಕೊಂಡರು.

“ನೀನು ಕೈ ಹಾಕ್ಬೇಡ ಮಾರಾಯ್ತಿ. ತಿಂದವರಿಗೆಲ್ಲ ಅಂಟಿದ್ರೆ ಎಂತ ಮಾಡುದು?”

“ಇದು ಅಂಟುದಲ್ಲ ಅಕ್ಕ…”

“ಡಾಕ್ಟ್ರು ಹೇಳಿದ್ರಾ?”

ನಾನು ಡಾಕ್ಟರನ್ನು ಕೇಳಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಆ ಎರಡು ಉಂಡೆಗಳನ್ನು ಅಕ್ಕ ನನ್ನ ಕಣ್ಣೆದುರೇ ನಾಯಿಗೆ ಹಾಕಿದರು.

ಮರುದಿನ ಈ ಬಾಟಲಿ ಹಿಡಿದು ಬೇಲಿಯ ಹತ್ತಿರ ಬಂದರು. “ಆ ಇಂಜೆಕ್ಷನ್ ಬಿಡು. ಹಂದಿ ಸಾರಿಗೆ ಹಾಕುವ ಹುಳಿಯೇ ಇದು, ಹಚ್ಚು. ಎಲ್ಲ ಸುಟ್ಟು ಹೋಗ್ತದೆ.”

ಹಚ್ಚಿದೆ. ಉರಿಗೆ ಕಣ್ಣೀರು ಬಂತು. ಡಾಕ್ಟರಿಗೆ ಹೇಳದೆ ಇಂಜೆಕ್ಷನನ್ನೂ ಬಿಟ್ಟೆ… ನಾಲ್ಕು ತಿಂಗಳು. ಬೆರಳುಗಳು ಕೊಕ್ಕೆಯಂತೆ ಬಾಗಿದ ಮೇಲೆ ಮೈಸೂರಿಗೆ ಹೋದೆ.

“ಇದು ಅಂಟುವುದಿಲ್ಲಮ್ಮ. ಈ ಔಷಧಿಯಿಂದಲೇ ಕೆಲವರ ಚರ್ಮಕ್ಕೆ ಹೀಗಾಗುತ್ತದೆ. ಮುಲಾಮು ಕೊಡ್ತಿದ್ದೆ, ಇಲ್ಲ ಇಂಜೆಕ್ಷನ್ ಬದಲಾಯಿಸ್ತಿದ್ದೆ. ಒಂದು ಮಾತು ಕೇಳಬಾರದಿತ್ತೇ?” ಎಂದರು ಡಾಕ್ಟರು. ಬೇರೆ ಇಂಜೆಕ್ಷನ್ ಕೊಟ್ಟ ಮೇಲೆ ಅಂಗೈ ವಾಸಿಯಾಯಿತು. ಬೆರಳು ನೆಟ್ಟಗಾಗಲಿಲ್ಲ.

ಹಚ್ಚಿಕೊಂಡವಳು ನಾನು, ಇಂಜೆಕ್ಷನ್ ಬಿಟ್ಟವಳೂ ನಾನು. ಆದರೂ ಸಿಟ್ಟು ಅವರ ಮೇಲೆಯೇ. ಒಂದು ಬೆಳಿಗ್ಗೆ ಬೇಲಿಯಾಚೆಯಿಂದ “ಕೈ ಹೇಗುಂಟು?” ಎಂದು ಕೇಳಿದರು. ಒದ್ದೆ ಸೀರೆಯನ್ನು ಅವರ ಮುಖದ ಮುಂದೆಯೇ ಕೊಡವಿ ಒಳಗೆ ಹೋದೆ. ಅವರು ಮತ್ತೆ ಕೇಳಲಿಲ್ಲ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ಸಲ ಮುಖ ನೋಡಲೂ ನಾನು ಹೋಗಲಿಲ್ಲ.

ಮೊನ್ನೆ ಆ ಹುಳಿಯನ್ನು ಸುರಿದುಬಿಡೋಣವೆಂದು ಸಿಂಕಿನ ಮುಂದೆ ನಿಂತೆ. ಮುಚ್ಚಳ ಕಚ್ಚಿಕೊಂಡಿತ್ತು, ಬೆರಳಿಗೆ ಹಿಡಿತ ಸಿಗಲಿಲ್ಲ. ಕಿಟಕಿಯತ್ತ ತಿರುಗಿ, “ಅಕ್ಕಾ, ಸ್ವಲ್ಪ ಬನ್ನಿ…” ಎಂದುಬಿಟ್ಟೆ.

ಹಾಗೆ ಕರೆದ ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬಂತು. ಬಾಟಲಿ ಮತ್ತೆ ಹಿಂದಿನ ಸಾಲಿನಲ್ಲೇ ಇದೆ.